ಬಾಗಿಲಣ್ಣ ಹೇಳಿಕೊಟ್ಟ ಉತ್ತರಗಳು

ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನನ್ನ ಅಣ್ಣ ಹತ್ತೊಂಬತ್ತು ವರ್ಷ ಕಾವಲು ನಿಂತ. ಆ ಹತ್ತೊಂಬತ್ತು ವರ್ಷವೂ ಒದೆ ತಿಂದ. ಒಳಗೆ ಯಾರಾದರೂ ಸತ್ತರೆ ಹೊರಗಿನವರ ಕೈಗೆ ಮೊದಲು ಸಿಗುವವನು ಡಾಕ್ಟರಲ್ಲ, ಅವನು. ಅಪ್ಪ ಹೋದನೆಂದು ಒಬ್ಬ ಮಗ ಕುರ್ಚಿ ಎತ್ತಿ ಅವನ ಭುಜದ ಮೂಳೆ ಮುರಿದ. ಹೆಂಡತಿ ಹೋದಳೆಂದು ಇನ್ನೊಬ್ಬ ಸೊಂಟದ ಬೆಲ್ಟು ಬಿಚ್ಚಿ ಬಾರಿಸಿದ. ಅತ್ತೆ ಹೋದದ್ದಕ್ಕೆ ಒಬ್ಬ ಅಳಿಯ ಬಾಗಿಲಿನ ಗಾಜು ಒಡೆದು, ಅದೇ ಚೂರಿನಿಂದ ಅಣ್ಣನ ಕೆನ್ನೆಯನ್ನು ಕಿವಿಯಿಂದ ಗಲ್ಲದವರೆಗೆ ಸೀಳಿದ. ಅತ್ತೆ ಒಳಗೆ ಎಂಟು ದಿನ ಮಲಗಿದ್ದಾಗ ಆ ಅಳಿಯನ ನೆರಳೂ ಅತ್ತ ಸುಳಿದಿರಲಿಲ್ಲ, ಆ ಮಾತು ಬೇರೆ.

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಬಾಗಿಲಣ್ಣ ಎನ್ನುತ್ತಿದ್ದರು. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಿದ್ದರು. ನಾನು ಅದೇ ಬಾಗಿಲಿನ ಒಳಗಡೆ ನೆಲ ಒರೆಸುವವಳು. ಅವನು ಸೇರಿದ ಮೂರು ವರ್ಷಕ್ಕೆ ನನ್ನನ್ನೂ ಸೇರಿಸಿದ. ನಡುವೆ ಗಾಜಿನ ಕಿಂಡಿಯಿದ್ದ ಒಂದು ಸ್ಟೀಲಿನ ಬಾಗಿಲು, ಆಚೆ ಅವನು, ಈಚೆ ನಾನು.

ಹೊಡೆಯಲು ಬಂದವರಿಗೆ ಅವನು ತಿರುಗಿ ಹೊಡೆದದ್ದನ್ನು ನಾನು ನೋಡಿಲ್ಲ. ಹಿಡಿಯುತ್ತಿದ್ದ. ಹಿಂದಿನಿಂದ ಹೋಗಿ ಎರಡೂ ಕಂಕುಳ ಕೆಳಗೆ ಕೈ ತೂರಿಸಿ, ಎದೆಯನ್ನು ಅವರ ಬೆನ್ನಿಗೆ ಒತ್ತಿ, ಅವರು ಅಳುವವರೆಗೆ ಬಿಡುತ್ತಿರಲಿಲ್ಲ. ಅತ್ತ ಮೇಲೆ ಮನುಷ್ಯ ಹೊಡೆಯುವುದಿಲ್ಲ ಎನ್ನುವುದು ಅವನ ಲೆಕ್ಕ. ಹೊಸದಾಗಿ ಬಂದ ಕಾವಲುಗಾರರಿಗೆಲ್ಲ ಆ ಹಿಡಿತವನ್ನೇ ಕಲಿಸುತ್ತಿದ್ದ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು, ಅದನ್ನು ಅವನು ಕಲಿತದ್ದು ನಮ್ಮ ಮನೆಯಲ್ಲಿ. ನಮ್ಮಪ್ಪ ಮರದ ಮಿಲ್ಲಿನ ಕೆಲಸಗಾರ. ಮಿಲ್ಲಿನಿಂದ ಬರುವಾಗ ಒಂದು ಮರದ ಪಟ್ಟಿ ಕಂಕುಳಲ್ಲೇ ಇರುತ್ತಿತ್ತು, ಅಮ್ಮನಿಗೋ ನಮಗೋ ಅದರಲ್ಲೇ ಬೀಳುತ್ತಿತ್ತು. ಅಣ್ಣನಿಗೆ ಹದಿನಾರಾದಾಗ ಒಂದು ಸಂಜೆ ಅಪ್ಪ ನನ್ನ ತಲೆಗೆ ಆ ಪಟ್ಟಿ ಎತ್ತಿದ. ಅಣ್ಣ ಹಿಂದಿನಿಂದ ಹೋಗಿ ಅಪ್ಪನನ್ನು ಹಾಗೇ ಅಮುಕಿ ಹಿಡಿದ. ಅಪ್ಪ ಒದ್ದ, ಕಚ್ಚಿದ, ಬಾಯಿಗೆ ಬಂದಂತೆ ಬೈದ, ಕೊನೆಗೆ ಗೊಳೋ ಎಂದು ಅತ್ತ. ಮರುದಿನವೇ ಅಣ್ಣ ಮನೆ ಬಿಟ್ಟು ಮಾರುಕಟ್ಟೆಯಲ್ಲಿ ಮೂಟೆ ಹೊರಲು ಸೇರಿಕೊಂಡ. ಇಪ್ಪತ್ತೈದು ವರ್ಷ ಹೊತ್ತು ಬೆನ್ನು ಕೈಕೊಟ್ಟ ಮೇಲೆ, ವಯಸ್ಸು ಐದು ವರ್ಷ ಕಡಿಮೆ ಬರೆಸಿ ಆಸ್ಪತ್ರೆಯ ಕಾವಲಿಗೆ ಬಂದ.

ಆ ಬಾಗಿಲಿನ ವಿಷಯ ಸ್ವಲ್ಪ ಹೇಳಬೇಕು, ಎಲ್ಲ ಅನಾಹುತವೂ ಅದರಿಂದಲೇ ಆದದ್ದು. ಶವಾಗಾರಕ್ಕೆ ಇಳಿಯುವ ಲಿಫ್ಟು ಇರುವುದು ಅಣ್ಣನ ಬಾಗಿಲಿನ ಎದುರಿಗೆ. ಹಾಗಾಗಿ ಸತ್ತವರು ಆ ಬಾಗಿಲಿನಿಂದಲೇ ಹೊರಗೆ ಬರುತ್ತಾರೆ. ಚೇತರಿಸಿಕೊಂಡವರನ್ನು ಐಸಿಯು ಹಿಂದಿನ ಓಣಿಯಿಂದ ನೇರ ವಾರ್ಡಿಗೆ ತಳ್ಳಿಕೊಂಡು ಹೋಗುತ್ತಾರೆ, ಮನೆಯವರನ್ನು ಅಲ್ಲಿಗೇ ಕರೆಸುತ್ತಾರೆ. ಬಾಗಿಲು ಬಿಟ್ಟು ಅಲ್ಲಾಡಬಾರದೆಂದು ಅಣ್ಣನಿಗೆ ಕಟ್ಟಪ್ಪಣೆ. ಹತ್ತೊಂಬತ್ತು ವರ್ಷದಲ್ಲಿ ಅವನು ನೋಡಿದ್ದು ಒಳಗೆ ಹೋಗುವ ಜೀವಗಳನ್ನು, ಮುಸುಕು ಹೊದ್ದು ಬರುವ ಹೆಣಗಳನ್ನು. ಬದುಕಿದವರು ಯಾರೂ ಕಾವಲುಗಾರನನ್ನು ಹುಡುಕಿಕೊಂಡು ಬಂದು ನಮಸ್ಕಾರ ಹೇಳುವುದಿಲ್ಲ. ಹಿಂದೆ ಓಣಿ ಇದೆ ಮಾರಾಯ, ಜನ ಎದ್ದು ಹೋಗುತ್ತಾರೆ ಎಂದು ನಾನು ಸಾವಿರ ಸಲ ಹೇಳಿದ್ದೆ. ಹೌದೌದು, ರೆಕ್ಕೆ ಕಟ್ಟಿಕೊಂಡು ಹೋಗುತ್ತಾರೆ ಎಂದು ನಗುತ್ತಿದ್ದ. ಒಳಗೆ ಕೆಲಸ ಮಾಡುವ ನಮಗೆ ಒಳ್ಳೆಯದನ್ನೇ ಹೇಳಬೇಕೆಂದು ಹೇಳಿಕೊಟ್ಟಿದ್ದಾರೆ ಎಂದೇ ಅವನ ನಂಬಿಕೆ.

ಆ ವರ್ಷ ಉಸಿರಾಟಕ್ಕೆ ಬಡಿಯುವ ವೈರಸ್ ಜ್ವರ ಜೋರಾಗಿ ಬಂತು. ತುರ್ತು ವಿಭಾಗದಲ್ಲಿ ಕಾಲಿಡಲು ಜಾಗವಿಲ್ಲದೆ, ಅಣ್ಣನ ಬಾಗಿಲ ಪಕ್ಕದಲ್ಲೇ ಒಂದು ಮೇಜು ಹಾಕಿದರು. ಅಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು ಪಟ್ಟಿ ಹಿಡಿದು ಕೂತಳು. ಬಂದವರಿಗೆಲ್ಲ ಅವೇ ಪ್ರಶ್ನೆ. ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಹೃದಯ, ಕಿಡ್ನಿ, ಆಸ್ತಮಾ ಏನಾದರೂ ಉಂಟಾ, ಸಿಗರೇಟು ಸೇದುತ್ತಾರಾ, ಲಸಿಕೆ ಹಾಕಿಸಿದೆಯಾ, ಜ್ವರ ಬಂದು ಎಷ್ಟು ದಿನ. ಆಮೇಲೆ ತೂಕ ನೋಡಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿ, ಎದೆಯನ್ನೇ ನೋಡುತ್ತ ಒಂದು ನಿಮಿಷ ಉಸಿರು ಎಣಿಸುತ್ತಿದ್ದಳು. ‘ಹೌದು’ ಹೆಚ್ಚಾದವರು ಐಸಿಯುಗೆ, ಕಡಿಮೆಯಾದವರು ವಾರ್ಡಿಗೆ. ಅಷ್ಟೊಂದು ಪ್ರಶ್ನೆ ಏಕೆಂದು ನಾನೊಮ್ಮೆ ಕೇಳಿದ್ದಕ್ಕೆ ಅವಳು ಬೇಸರಪಡದೆ ಹೇಳಿದಳು. ಇಂಥವರು ಮಾತಾಡುತ್ತಾ ಆಡುತ್ತಾ ಇರುವಾಗಲೇ ಇದ್ದಕ್ಕಿದ್ದಂತೆ ಕುಸಿಯುತ್ತಾರೆ, ವಾರ್ಡಿನಲ್ಲಿ ನಲವತ್ತು ಜನಕ್ಕೆ ಇಬ್ಬರು ನರ್ಸು, ಕುಸಿದದ್ದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿರುತ್ತದೆ ಎಂದಳು.

“ಇದು ಸಾಯೋರ ಪಟ್ಟಿ ಅಲ್ಲಮ್ಮ. ಕಣ್ಣಿಟ್ಟು ನೋಡ್ಕೋಬೇಕಾದೋರ ಪಟ್ಟಿ.”

ನನಗೆ ಅರ್ಥವಾಯಿತು. ಮೂರಡಿ ದೂರದಲ್ಲಿ ನಿಂತಿದ್ದ ಅಣ್ಣನಿಗೆ ಆಗಲಿಲ್ಲ. ಅವನು ದಿನಕ್ಕೆ ಐವತ್ತು ಸಲ ಆ ಪ್ರಶ್ನೆ ಕೇಳಿ ಕೇಳಿ ಅದರಲ್ಲಿ ಪಂಡಿತನಾಗಿಬಿಟ್ಟ. ಮೂರು ‘ಹೌದು’ ಎಂದರೆ ಒಳಗೆ, ಐದು ಎಂದರೆ ಗಂಟಲಿಗೆ ಕೊಳವೆ, ಒಳಗೆ ಎಂದರೆ ಮುಸುಕು. ಅವನ ಗಣಿತ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ದಿನ ಬಸ್ ಡ್ರೈವರ್ ಒಬ್ಬನನ್ನು ಅವನ ಮಗಳು ಕರೆತಂದಳು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ಕೆಲಸ ಅವಳದು, ಮೂವತ್ತರ ಆಸುಪಾಸು. ಅಪ್ಪ, ಮಗಳು ಇಬ್ಬರೇ ಮನೆಯಲ್ಲಿ. ಸ್ಟ್ರೆಚರ್ ಖಾಲಿ ಇರಲಿಲ್ಲವೆಂದು ಅಣ್ಣನೇ ಆ ದಪ್ಪ ಮನುಷ್ಯನನ್ನು ಗೇಟಿನಿಂದ ಹೆಗಲ ಮೇಲೆ ಹೊತ್ತು ತಂದ. ಸರದಿಗೆ ಕಾಯುತ್ತ ಬೆಂಚಿನಲ್ಲಿ ಕೂತ ಮಗಳು, ಅಪ್ಪನನ್ನು ಒಳಗೆ ಹಾಕಿದರೆ ಮುಖ ನೋಡಲೂ ಬಿಡುವುದಿಲ್ಲವಂತೆ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣನಿಗೆ ನೋಡಲಾಗಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ ಉತ್ತರ ಹೇಳಿಕೊಟ್ಟ. ಸಕ್ಕರೆ ಇಲ್ಲ ಅನ್ನು, ಸಿಗರೇಟು ಇಲ್ಲ ಅನ್ನು, ಜ್ವರ ನಿನ್ನೆಯಿಂದ ಅನ್ನು, ವಾರ್ಡಿಗೆ ಹಾಕುತ್ತಾರೆ, ನೀನು ಪಕ್ಕದಲ್ಲೇ ಕೂತಿರಬಹುದು. ಅವಳು ಹಾಗೇ ಹೇಳಿದಳು. ವಾರ್ಡಿಗೆ ಹಾಕಿದರು.

ಮರುದಿನ ಚಹಾ ಕುಡಿಯುವಾಗ ಅಣ್ಣ ಇದನ್ನು ನನಗೆ ಹೆಮ್ಮೆಯಿಂದ ಹೇಳಿದ. ಒಂದು ಪ್ರಾಣ ಉಳಿಸಿದೆ ಎಂದ. ನನಗೆ ಪಿತ್ತ ನೆತ್ತಿಗೇರಿತು. ಲೋಟ ಕೆಳಗಿಟ್ಟು, ಕ್ಯಾಂಟೀನಿನ ನಟ್ಟನಡುವೆ, ಅರವತ್ತು ದಾಟಿದ ನನ್ನ ಅಣ್ಣನ ಕೆನ್ನೆಗೆ ಬೀಸಿ ಹೊಡೆದೆ. ಜನ ಎದ್ದು ನಿಂತರು. ಅವನು ಕೆನ್ನೆ ಸವರಿಕೊಂಡು, ನಿನ್ನ ಒಳಗಿನಿಂದ ಎದ್ದು ಬಂದವನೊಬ್ಬನನ್ನು ತೋರಿಸು, ಆಮೇಲೆ ಹೊಡಿ ಎಂದ.

ಆಗ ನಾನು ಏನು ಮಾಡಬೇಕಿತ್ತು? ಎದ್ದು ಮೇಜಿನ ಹತ್ತಿರ ಹೋಗಿ, ಆ ಡ್ರೈವರನಿಗೆ ಸಕ್ಕರೆ ಇದೆಯಂತೆ ಎಂದು ಡಾಕ್ಟರಿಗೆ ಒಂದು ಮಾತು ಹೇಳಬೇಕಿತ್ತು. ಮೂವತ್ತು ಹೆಜ್ಜೆ. ಹೇಳಿದರೆ ಅಣ್ಣನ ಕೆಲಸ ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ನಾಳೆ ಏನಾದರೂ ನೆಪ ಹೂಡಿ ಹೇಳಿದರಾಯಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಆರಕ್ಕೆ ನರ್ಸು ನೋಡಿದಾಗ ಡ್ರೈವರನ ತುಟಿ ನೀಲಿಗಟ್ಟಿತ್ತು. ಐಸಿಯುಗೆ ತಳ್ಳಿಕೊಂಡು ಬರುವ ದಾರಿಯಲ್ಲೇ ಹೋಗಿಬಿಟ್ಟ. ಆ ಮಗಳು ಅಣ್ಣನ ಎರಡೂ ಕೈ ಹಿಡಿದು, ಕೊನೆಗೆ ಅಪ್ಪನ ಪಕ್ಕದಲ್ಲಾದರೂ ಇದ್ದೆ, ನಿಮ್ಮ ಉಪಕಾರ ಮರೆಯಲ್ಲ ಎಂದಳು. ಬಾಗಿಲ ಗಾಜಿನಿಂದ ನಾನು ಅದನ್ನು ನೋಡಿದೆ. ಆವತ್ತಿನಿಂದ ಅಣ್ಣನ ಜೊತೆ ಮಾತು ಬಿಟ್ಟೆ. ಕೋಪ ಅವನ ಮೇಲೆಷ್ಟು, ನನ್ನ ಮೇಲೆಷ್ಟು ಎಂದು ನಾನು ಬಿಡಿಸಿ ನೋಡಲು ಹೋಗಲಿಲ್ಲ.

ನಾಲ್ಕು ತಿಂಗಳು ಹಾಗೇ ಕಳೆಯಿತು. ಒಂದು ಮಂಗಳವಾರ, ವಾರದ ರಜೆ ಮುಗಿಸಿ ಬೆಳಿಗ್ಗೆ ಕೆಲಸಕ್ಕೆ ಬಂದರೆ ನರ್ಸೊಬ್ಬಳು, ನಿಮ್ಮಣ್ಣ ವಾರ್ಡಿನಲ್ಲಿದ್ದಾನೆ, ಹದಿನಾಲ್ಕನೇ ಮಂಚ, ಅದೇ ಜ್ವರ ಎಂದಳು. ಬಕೆಟ್ಟು ಅಲ್ಲೇ ಬಿಟ್ಟು ಓಡಿದೆ.

ಅಣ್ಣ ದಿಂಬಿಗೆ ಒರಗಿ ಕೂತಿದ್ದ, ಮುಖಕ್ಕೆ ಆಮ್ಲಜನಕದ ಮಾಸ್ಕು. ಮಂಚದ ಕಾಲಿಗೆ ಅವನ ಪಟ್ಟಿ ತೂಗಾಡುತ್ತಿತ್ತು. ಓದಿದೆ. ವಯಸ್ಸು ಐವತ್ತಾರು. ಸಕ್ಕರೆ ಇಲ್ಲ. ಬಿಪಿ ಇಲ್ಲ. ಸಿಗರೇಟು ಇಲ್ಲ. ಲಸಿಕೆ ಆಗಿದೆ. ಜ್ವರ ಎರಡು ದಿನ. ನಿಜ ಹೇಳಬೇಕೆಂದರೆ ಅವನಿಗೆ ಅರವತ್ತೊಂದು, ಸಕ್ಕರೆ ಬಂದು ಹನ್ನೊಂದು ವರ್ಷ, ಸಿಗರೇಟು ದಿನಕ್ಕೆ ಎರಡು ಪ್ಯಾಕು. ಲಸಿಕೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಬಂದವರನ್ನೆಲ್ಲ ಸರದಿಯಲ್ಲಿ ನಿಲ್ಲಿಸಿದವನು ತಾನು ಮಾತ್ರ ಸೂಜಿಗೆ ಹೆದರಿ ತಪ್ಪಿಸಿಕೊಂಡಿದ್ದ. ಪಟ್ಟಿಯಲ್ಲಿ ತೂಕ ಒಂದೇ ಸರಿಯಾಗಿತ್ತು, ನೂರಾ ನಾಲ್ಕು ಕಿಲೋ. ತೂಕದ ಯಂತ್ರಕ್ಕೆ ಉತ್ತರ ಹೇಳಿಕೊಡಲು ಅವನಿಂದ ಆಗಿರಲಿಲ್ಲ.

ನಮ್ಮವನೇ ಎಂದು ಯಾರೂ ಅನುಮಾನಪಡಲಿಲ್ಲ. ರಕ್ತದಲ್ಲಿ ಸಕ್ಕರೆ ಜಾಸ್ತಿ ಕಂಡರೂ ಜ್ವರಕ್ಕೆ ಹಾಗಾಗಿರಬೇಕು ಎಂದು ಬರೆದಿದ್ದರು. ಬೆರಳಿಗೆ ಕ್ಲಿಪ್ಪು ಹಾಕಲು ನರ್ಸು ಬಂದರೆ ಅವನು ನೆಟ್ಟಗೆ ಕೂತು, ಮಾಸ್ಕು ಒತ್ತಿ ಹಿಡಿದು, ನಾಲ್ಕು ಸಲ ಎದೆ ತುಂಬ ಎಳೆದುಕೊಳ್ಳುತ್ತಿದ್ದ. ತೊಂಬತ್ತನಾಲ್ಕು ಬರುತ್ತಿತ್ತು. ಅವಳು ಆ ಕಡೆ ತಿರುಗಿದ್ದೇ ತಡ, ಭುಜ ಜೋತುಬೀಳುತ್ತಿತ್ತು. ನಾನು ಗೋಡೆಯ ಗಡಿಯಾರ ನೋಡುತ್ತ ಅವನ ಉಸಿರು ಎಣಿಸಿದೆ. ನಿಮಿಷಕ್ಕೆ ಮೂವತ್ತಾರು, ಇರಬೇಕಾದ್ದರ ಎರಡರಷ್ಟು. ಒಳಗೆ ಹದಿನಾರು ವರ್ಷ ನೆಲ ಒರೆಸಿದ ನನಗೆ ಅದರ ಅರ್ಥ ಯಾರೂ ಹೇಳಬೇಕಿರಲಿಲ್ಲ.

ಅತ್ತಿಗೆ ಮಂಚದ ಪಕ್ಕದಲ್ಲಿ ಕೂತು ಸೆರಗಿನಂತೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಿದ್ದಳು. ಜ್ವರ ಬಂದು ಆರು ದಿನ ಆಯಿತೆಂದು ಪಿಸುಗುಟ್ಟಿದಳು. ಭಾನುವಾರವಿಡೀ ತನ್ನನ್ನು ಕೂರಿಸಿ ಉತ್ತರ ಬಾಯಿಪಾಠ ಮಾಡಿಸಿದನಂತೆ. ಒಮ್ಮೆ ಬಾಯಿ ತಪ್ಪಿ ಸಕ್ಕರೆಗೆ ‘ಹೌದು’ ಎಂದದ್ದಕ್ಕೆ ನೀರಿನ ಜಗ್ಗು ಎತ್ತಿ ಗೋಡೆಗೆ ಅಪ್ಪಳಿಸಿದನಂತೆ. ಅವಳ ಮೇಲೆ ಯಾವತ್ತೂ ಕೈ ಎತ್ತದ ಮನುಷ್ಯ. ಆ ಜಗ್ಗಿಗೇ ಹೆದರಿ ಹೋಗಿದ್ದಳು.

ಅಣ್ಣ ಮಾಸ್ಕು ಸರಿಸಿ ನನ್ನ ಮಣಿಕಟ್ಟು ಹಿಡಿದ. ಮೂಟೆ ಹೊತ್ತ ಕೈ, ಜ್ವರದಲ್ಲೂ ಹಿಡಿತ ಸಡಿಲಿರಲಿಲ್ಲ, ನನ್ನ ಮೂಳೆ ಕಟಕಟ ಎಂದಿತು.

“ಬಾಯಿ ಬಿಟ್ರೆ ನೀನು ನನ್ನ ತಂಗಿನೇ ಅಲ್ಲ. ಆ ಬಾಗಿಲಿಂದ ನಾನು ಒಳಗೆ ಹೋಗಲ್ಲ. ಇಲ್ಲೇ ಸತ್ರೂ ಪರವಾಗಿಲ್ಲ, ಹೋಗಲ್ಲ.”

ಒಂದೊಂದು ಪದಕ್ಕೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದ. ನಾನು ಕೈ ಕಿತ್ತುಕೊಂಡು ಹೊರಬಂದೆ. ಐಸಿಯುನಲ್ಲಿ ಖಾಲಿ ಇದ್ದದ್ದು ಒಂದೇ ಮಂಚ. ಹನ್ನೊಂದು ಗಂಟೆಗೆ ಡಾಕ್ಟರು ವಾರ್ಡಿಗೆ ಬಂದು, ಪಟ್ಟಿಗಳನ್ನೆಲ್ಲ ನೋಡಿ, ಯಾರನ್ನು ಒಳಗೆ ಕಳಿಸುವುದೆಂದು ತೀರ್ಮಾನಿಸುತ್ತಾಳೆ. ಆಮೇಲೆ ಇನ್ನೊಂದು ಮಂಚ ಯಾವಾಗ ಖಾಲಿಯಾಗುತ್ತದೋ ಹೇಳಲು ಬರುವುದಿಲ್ಲ. ಹೇಳಿದರೆ ಅಣ್ಣನನ್ನು ಎಳೆದುಕೊಂಡು ಹೋಗುತ್ತಾರೆ, ಒಳಗೆ ಸತ್ತರೆ ಕಳಿಸಿದವಳು ನಾನು. ಹೇಳದಿದ್ದರೆ ನಾಳೆ ಬೆಳಿಗ್ಗೆ ಆರಕ್ಕೆ ನರ್ಸು ಬಂದು ನೋಡುತ್ತಾಳೆ. ಒಳಗೂ ಎಲ್ಲರೂ ಬದುಕುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಒರೆಸಿದ ನೆಲವನ್ನೇ ಮೂರು ಸಲ ಒರೆಸಿದೆ.

ಹನ್ನೊಂದಕ್ಕೆ ಡಾಕ್ಟರು ಹದಿನಾಲ್ಕನೇ ಮಂಚಕ್ಕೆ ಬಂದಾಗ ನಾನು ಮಾಪ್ ಹಿಡಿದು ಹಿಂದೆಯೇ ನಿಂತಿದ್ದೆ. ಅವಳಿಗೆ ಏನೋ ಸರಿ ಕಾಣಲಿಲ್ಲ. ನಿಜವಾಗಿಯೂ ಸಕ್ಕರೆ ಇಲ್ಲವಾ ಎಂದು ಅತ್ತಿಗೆಯನ್ನು ಮತ್ತೆ ಕೇಳಿದಳು. ಅತ್ತಿಗೆ ಅಣ್ಣನ ಮುಖ ನೋಡಿ, ಇಲ್ಲ ಎಂದಳು. ಡಾಕ್ಟರು ಮುಂದಿನ ಮಂಚಕ್ಕೆ ಹೆಜ್ಜೆ ಎತ್ತಿದಳು.

“ಸುಳ್ಳು,” ಎಂದೆ. “ಅವನ್ದು ಎಲ್ಲಾ ಸುಳ್ಳು ಡಾಕ್ಟ್ರೇ. ಅರವತ್ತೊಂದು ಅವನಿಗೆ. ಸಕ್ಕರೆ ಇದೆ. ಜ್ವರ ಬಂದು ಆರು ದಿನ ಆಯ್ತು. ನೀವೇ ಉಸಿರು ಎಣಿಸಿ ನೋಡಿ.”

ಅವಳು ಎಣಿಸಿದಳು, ಪೂರ್ತಿ ಒಂದು ನಿಮಿಷ. ಮೂವತ್ತೆಂಟು. ಸ್ಟ್ರೆಚರ್ ತರಲು ಕೂಗಿದಳು.

ಅಣ್ಣ ಮಾಸ್ಕು ಕಿತ್ತೆಸೆದು ಎದ್ದ. ಕೈಗೆ ಮೊದಲು ಸಿಕ್ಕಿದ್ದು ಮೂತ್ರದ ಸ್ಟೀಲು ಪಾತ್ರೆ. ಅದನ್ನು ಬೀಸಿ ನನ್ನ ಬಾಯಿಗೆ ಹೊಡೆದ. ಎರಡು ಹಲ್ಲು ಅಲ್ಲೇ ಉದುರಿದವು, ಬಾಯಿ ತುಂಬ ರಕ್ತ ಬಂತು, ಮೈಮೇಲೆ ಏನು ಚೆಲ್ಲಿತೆಂದು ಹೇಳುವುದು ಬೇಡ. ಡ್ರಿಪ್ಪಿನ ಕಂಬ ಎತ್ತಿ ಡಾಕ್ಟರತ್ತ ತಿರುಗಿಸಿದ. ಕಂಬ ಪಕ್ಕದ ಮಂಚಕ್ಕೆ ಬಡಿದು ಬಾಗಿತು, ಅಲ್ಲಿದ್ದ ರೋಗಿ ಹೆದರಿ ಮಂಚದಡಿ ತೂರಿದ. ಕೆಳಗಿನಿಂದ ನಾಲ್ಕು ಜನ ಕಾವಲುಗಾರರು ಓಡಿ ಬಂದರು. ನಾಲ್ವರೂ ಅವನ ಶಿಷ್ಯರೇ. ಒಬ್ಬನ ಹೊಟ್ಟೆಗೆ ಒದ್ದ, ಇನ್ನೊಬ್ಬನ ಹುಬ್ಬು ತಲೆಯಿಂದ ಗುದ್ದಿ ಒಡೆದ. ಮೂರನೆಯವನು ಹಿಂದಿನಿಂದ ಹೋಗಿ ಕಂಕುಳ ಕೆಳಗೆ ಕೈ ತೂರಿಸಿ, ಕಲಿತ ಪಾಠವನ್ನು ಒಪ್ಪಿಸಿದ. ಅಣ್ಣ ಅಳಲಿಲ್ಲ. ಉಸಿರಿಗಾಗಿ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ತುಟಿ ಬಣ್ಣ ತಿರುಗುತ್ತಿತ್ತು.

ಬಾಗಿಲ ತನಕ ಹೇಗೋ ತಂದರು. ಅಲ್ಲಿ ಅವನು ಬಲಗೈಯಿಂದ ಬಾಗಿಲಿನ ಚೌಕಟ್ಟು ಹಿಡಿದ. ನಾಲ್ಕು ಜನ ಎಳೆದರೂ ಬೆರಳು ಬಿಡಲಿಲ್ಲ. ಡಾಕ್ಟರು ಸಮಯವಿಲ್ಲ, ಸಮಯವಿಲ್ಲ ಎನ್ನುತ್ತಿದ್ದಳು. ನನ್ನ ಕೈಯಲ್ಲಿ ಮಾಪಿನ ಕೋಲಿತ್ತು. ಹೊಡೆದೆ. ಬಿಡಲಿಲ್ಲ. ಇನ್ನೊಮ್ಮೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಎರಡು ಬೆರಳು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಕೈ ಜಾರಿತು. ಒಳಗೆ ಹೋಗುವಾಗ ಅವನು ನನ್ನ ಕಡೆ ಒಂದು ನೋಟ ನೋಡಿದ. ಚಿಕ್ಕವರಿದ್ದಾಗ ಅಪ್ಪನನ್ನು ಹಾಗೆ ನೋಡುತ್ತಿದ್ದ.

ಬಾಗಿಲು ಮುಚ್ಚಿದ ಮೇಲೆ ಅತ್ತಿಗೆ ನನ್ನ ಜುಟ್ಟು ಹಿಡಿದು ಬೆಂಚಿಗೆ ತಲೆ ಚಚ್ಚಿದಳು. ಇವನು ಮುಸುಕು ಹೊದ್ದು ಬಂದರೆ ನಿನಗೂ ಹೊದಿಸುತ್ತೇನೆ ಎಂದಳು. ನಾನು ತಿರುಗಿ ಹೊಡೆಯಲಿಲ್ಲ, ಅವಳ ಜಾಗದಲ್ಲಿ ನಾನಿದ್ದರೆ ಇನ್ನೂ ನಾಲ್ಕು ಹಾಕುತ್ತಿದ್ದೆ.

ಹನ್ನೊಂದು ದಿನ ಅವನ ಗಂಟಲಲ್ಲಿ ಕೊಳವೆ ಇತ್ತು. ಎಚ್ಚರವಾದರೆ ಕಿತ್ತುಹಾಕುತ್ತಾನೆಂದು ಎರಡೂ ಕೈ ಮಂಚಕ್ಕೆ ಕಟ್ಟಿದ್ದರು, ಬಲಗೈಗೆ ಪ್ಲಾಸ್ಟರ್. ಉಸಿರಿಗೆಂದು ಕೊಡುವ ಔಷಧಿ ಸಕ್ಕರೆಯನ್ನು ಏರಿಸುತ್ತದಂತೆ, ನಾನೂರು ದಾಟಿತ್ತು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ ಗಂಟೆಗೊಮ್ಮೆ ರಕ್ತ ನೋಡಿ ಇನ್ಸುಲಿನ್ ಕೊಡುತ್ತಿದ್ದರು. ಆರನೇ ದಿನ ಕಿಡ್ನಿ ಸೋಲುವ ಹಾಗಿದೆ, ಮನೆಯವರಿಗೆ ಧೈರ್ಯ ಹೇಳು ಎಂದು ಡಾಕ್ಟರು ನನಗೆ ಹೇಳಿದಳು. ನಾನು ಹೊರಗೆ ಹೋಗಿ ಅತ್ತಿಗೆಗೆ ಬ್ರೆಡ್ಡು ಮಾತ್ರ ಕೊಟ್ಟು ಬಂದೆ. ಅವಳು ಅದನ್ನು ನನ್ನ ಮುಖಕ್ಕೇ ಎಸೆದಳು. ದಿನಕ್ಕೆ ಎರಡು ಸಲ ಅವನ ಮಂಚದ ಸುತ್ತ ಒರೆಸುವಾಗ ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಕೇಳಿಸುತ್ತಿತ್ತೋ ಇಲ್ಲವೋ, ಬೈಯದಿದ್ದರೆ ನನ್ನ ಕೈಕಾಲು ಆಡುತ್ತಿರಲಿಲ್ಲ.

ಹನ್ನೆರಡನೇ ದಿನ ಕೊಳವೆ ತೆಗೆದರು. ಹದಿನಾಲ್ಕನೇ ದಿನ ವಾರ್ಡಿಗೆ ಕಳಿಸಿ ಎಂದರು. ಗಾಲಿ ಕುರ್ಚಿ ನಾನೇ ತಳ್ಳುತ್ತೇನೆ ಎಂದು ಹಟ ಹಿಡಿದೆ.

ಹಿಂದಿನ ಓಣಿಯಲ್ಲಿ ಹಗಲು ಬೆಳಕು ಚೆನ್ನಾಗಿ ಬರುತ್ತದೆ. ನಮ್ಮ ಮುಂದೆ ಒಬ್ಬ ಹೆಂಗಸನ್ನು ಮಂಚ ಸಮೇತ ತಳ್ಳಿಕೊಂಡು ಹೋಗುತ್ತಿದ್ದರು, ಅವಳು ತಲೆ ಬಾಚಲು ಬಾಚಣಿಗೆ ಬೇಕೆಂದು ನರ್ಸಿಗೆ ಕಾಟ ಕೊಡುತ್ತಿದ್ದಳು. ಒಬ್ಬ ಮುದುಕ ಗೋಡೆ ಹಿಡಿದು ತಾನೇ ನಡೆಯುತ್ತಿದ್ದ. ಆ ತುದಿಯಲ್ಲಿ ಮೂರು ಮನೆಯವರು ಕಾಯುತ್ತಿದ್ದರು. ಅಣ್ಣ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಅವನ ಧ್ವನಿ ಸವೆದು ಹೋಗಿತ್ತು, ನಾನು ಬಗ್ಗಿ ಕೇಳಿಸಿಕೊಂಡೆ. ಎಷ್ಟು ಜನ ಈ ಕಡೆಯಿಂದ ಹೋಗುತ್ತಾರೆ ಎಂದ. ಹತ್ತಕ್ಕೆ ಆರು, ಏಳು ಎಂದೆ.

ಸ್ವಲ್ಪ ದೂರ ಹೋದ ಮೇಲೆ ಕುರ್ಚಿಯ ಗಾಲಿಯನ್ನು ಕೈಯಿಂದ ತಡೆದು ನಿಲ್ಲಿಸಿದ.

“ಆ ಡ್ರೈವರ್?”

ನಾಲ್ಕು ತಿಂಗಳಿಂದ ಅವನ ಮುಖಕ್ಕೆ ಎಸೆಯಬೇಕೆಂದು ಇಟ್ಟುಕೊಂಡಿದ್ದ ಮಾತು ನನ್ನಲ್ಲಿತ್ತು. ಆಗ ಹೇಳಲು ಮನಸ್ಸು ಬರಲಿಲ್ಲ. ಆದರೂ ಕೇಳಿದವನಿಗೆ ಸುಳ್ಳು ಹೇಳಲಾರದೆ, ಅವನ ಉಸಿರು ನಿನ್ನದಕ್ಕಿಂತ ಚೆನ್ನಾಗಿತ್ತು ಎಂದೆ. ಅಣ್ಣ ಪ್ಲಾಸ್ಟರಿನ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಧ್ವನಿ ಇಲ್ಲದೆ ಅಳುವುದನ್ನು ನೋಡಲಾಗದು.

ಎರಡು ತಿಂಗಳಿಗೆ ನಡೆಯಲು ಆಯಿತು. ನಡೆಯಲಾದ ಮೊದಲ ವಾರವೇ ಆ ಇಸ್ತ್ರಿ ಅಂಗಡಿಗೆ ಹೋಗಬೇಕು ಎಂದ. ಬೇಡ ಎಂದು ಜಗಳವಾಡಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ದಾರಿಯಲ್ಲಿ ಬಿದ್ದರೆ ಎತ್ತಲು ಯಾರಾದರೂ ಬೇಕಲ್ಲ ಎಂದು ಜೊತೆಗೆ ಹೊರಟೆ.

ಉದ್ದನೆಯ ಅಂಗಡಿ. ಒಂದು ಕಡೆ ಯಂತ್ರಗಳು, ಇನ್ನೊಂದು ಕಡೆ ತಂತಿಗೆ ತೂಗುಹಾಕಿದ ಕೋಟುಗಳು, ಬಿಸಿ ಬಟ್ಟೆಯ ವಾಸನೆ. ಮಗಳು ಅಣ್ಣನನ್ನು ನೋಡಿದ್ದೇ ಗುರುತು ಹಿಡಿದಳು. ಕುರ್ಚಿ ತಂದು ಹಾಕಿದಳು, ನೀರು ಕೊಟ್ಟಳು, ಅಪ್ಪನನ್ನು ಹೆಗಲ ಮೇಲೆ ಹೊತ್ತವರು ಇವರೇ ಎಂದು ಜೊತೆಯ ಕೆಲಸದವಳಿಗೆ ತೋರಿಸಿದಳು. ಅಣ್ಣ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ತನಗೂ ಅದೇ ಜ್ವರ ಬಂದದ್ದು, ತಾನೂ ಅದೇ ಉತ್ತರ ಕೊಟ್ಟದ್ದು, ಹಿಂದಿನ ಓಣಿ, ಹತ್ತಕ್ಕೆ ಆರು ಏಳು ಜನ. ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿಯುತ್ತಾ ಹೋದಂತೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಬದಿಗೆ ನಿಲ್ಲಿಸಿದಳು.

“ಅಂದ್ರೆ, ನಾನು ಅವತ್ತು ಹೌದು ಅಂದಿದ್ರೆ ಅಪ್ಪ ಇರ್ತಿದ್ರಾ?”

“ಇರ್ತಿದ್ರೋ ಏನೋ. ಆದ್ರೆ ಇಲ್ಲ ಅಂದಿದ್ದು ನೀನಲ್ಲಮ್ಮ. ನಾನು.”

ಅವಳು ಮರದ ಹ್ಯಾಂಗರು ತೆಗೆದುಕೊಂಡು ಹೊಡೆಯತೊಡಗಿದಳು. ತಲೆಗೆ, ಕುತ್ತಿಗೆಗೆ, ಪ್ಲಾಸ್ಟರು ಬಿಚ್ಚಿದ ಕೈಗೆ. ಹ್ಯಾಂಗರು ಮುರಿಯಿತು, ಇನ್ನೊಂದು ತೆಗೆದುಕೊಂಡಳು. ಅಣ್ಣನ ಹುಬ್ಬಿನ ಮೇಲಿಂದ ರಕ್ತ ಇಳಿದು ಅಂಗಿಯ ಕಾಲರಿಗೆ ಹತ್ತಿತು. ಅವನು ಕೈ ಎತ್ತಲಿಲ್ಲ, ಹಿಂದೆ ಸರಿಯಲಿಲ್ಲ. ಬಿಡಿಸಲು ಓಡಿ ಬಂದ ಇನ್ನೊಬ್ಬಳನ್ನು ನಾನೇ ತಡೆದು ಹಿಡಿದೆ.

ಮೂರನೇ ಹ್ಯಾಂಗರಿಗೆ ಅವಳ ಕೈ ಸೋತಿತು. ಗೋಡೆಗೆ ಒರಗಿ ಏದುಸಿರು ಬಿಡುತ್ತ, ಮತ್ತೆ ನೀವು ಹೇಗೆ ಬದುಕಿದಿರಿ, ನೀವೂ ಸುಳ್ಳು ಹೇಳಿದ್ದಿರಲ್ಲ ಎಂದು ಅಣ್ಣನನ್ನು ಕೇಳಿದಳು. ತಂಗಿ ನಿಜ ಹೇಳಿಬಿಟ್ಟಳು ಎಂದ ಅಣ್ಣ. ಅವಳು ನನ್ನ ಕಡೆ ತಿರುಗಿದಳು. ಅಲ್ಲಿಯವರೆಗೆ ಅವಳು ನನ್ನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನನ್ನ ಬಾಯಲ್ಲಿ ಹಲ್ಲಿಲ್ಲದ ಜಾಗವನ್ನು, ಮುಖವನ್ನು, ಆಸ್ಪತ್ರೆಯ ಕೆಲಸದ ಬಟ್ಟೆಯನ್ನು ನಿಧಾನವಾಗಿ ನೋಡಿದಳು.

“ನಮ್ಮಪ್ಪನ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?”

ಅಣ್ಣ ನನ್ನ ಮುಖ ನೋಡಿದ. ಅವನು ಯಾವತ್ತೂ ಆ ಲೆಕ್ಕ ಹಾಕಿರಲಿಲ್ಲವೆಂದು ನನಗೆ ಆಗ ಗೊತ್ತಾಯಿತು.

“ಮಾರನೇ ದಿನವೇ,” ಎಂದೆ. “ಅವರು ವಾರ್ಡಲ್ಲಿ ಇನ್ನೂ ಇದ್ರು. ಮಾತಾಡ್ತಾ ಇದ್ರು.”

ನಾನು ಕಣ್ಣು ಮುಚ್ಚಿ ನಿಂತೆ. ಏಟು ಬೀಳಲಿ ಎಂದು ಕಾದೆ, ಬೇಡಿಕೊಂಡೆ ಎಂದರೂ ತಪ್ಪಿಲ್ಲ. ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವಳು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ನಾವು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ, ಯಾರದೋ ಅಂಗಿಯ ತೋಳು ತೀಡುತ್ತಿದ್ದಳು.